ಅಂಗಳಕ್ಕೆ ವೀಡ್ ಮ್ಯಾಟ್: ನಾಲ್ಕನೇ ಸಲ ಕೈ ಹಿಡಿಯಿತು

ವೀಡ್ ಮ್ಯಾಟ್ ಅಂದರೆ ಕಳೆ ಬರದ ಹಾಗೆ ನೆಲಕ್ಕೆ ಹಾಸೋ ಪ್ಲಾಸ್ಟಿಕ್ ಬಟ್ಟೆ. ನಾನು ಮೊದಲು ಹಾಸಿದ್ದು ಅದಲ್ಲ. ಕೋಲಾರದ ಕಡೆಯವರಿಗೆ ಮಲ್ಚಿಂಗ್ ಪೇಪರ್, ಅಂದರೆ ಬೆಳೆ ಸಾಲಿಗೆ ಹಾಸೋ ಪ್ಲಾಸ್ಟಿಕ್ ಶೀಟಿನ ಬಗ್ಗೆ ಹೇಳಿಕೊಡಬೇಕಾ? ಅದೇ ಧೈರ್ಯದಲ್ಲಿ, ಟೊಮೇಟೊಗೆ ತಂದು ಮಿಕ್ಕಿದ್ದ ಶೀಟನ್ನೇ ಮನೆ ಮುಂದೆ ಹಾಸಿ ಮೇಲೆ ಜಲ್ಲಿ ಸುರಿದಿದ್ದೆ. ಒಂದೇ ಮಳೆಗೆ ಅಂಗಳ ಕುಂಟೆಯಾಯಿತು. ಆ ಶೀಟು ನೀರು ಇಳಿಯೋಕೆ ಬಿಡಲ್ಲ, ಗೊತ್ತಿದ್ದೂ ಮಾಡಿದ ತಪ್ಪು. ವಾರದಲ್ಲಿ ಸೊಳ್ಳೆ ಮರಿ. ಸಾಲದ್ದಕ್ಕೆ ಜೇಕು ಅನ್ನೋ ಗಡ್ಡೆ ಕಳೆ ಶೀಟನ್ನ ಸೂಜಿಯ ಹಾಗೆ ಚುಚ್ಚಿಕೊಂಡು ಮೇಲೆ ಬಂತು.

ಮುಂದಿನ ವರ್ಷ ಹಳೇ ಶೇಡ್ ನೆಟ್ ಹಾಸಿದೆ. ಗರಿಕೆ ಅದರ ಕಣ್ಣುಗಳ ಒಳಗೆ ಹೆಣೆದುಕೊಂಡು ಬಿಟ್ಟಿತು. ಎಳೆದರೆ ನೆಟ್ ಹರಿಯಿತು, ಜಲ್ಲಿಯೆಲ್ಲ ಮಣ್ಣುಪಾಲು. ಅದನ್ನ ಜರಡಿ ಹಿಡಿಸೋಕೆ ಇಬ್ಬರು ಆಳು, ಎರಡು ದಿನ, ಹತ್ತಿರ ಹತ್ತಿರ 2,000 ರೂಪಾಯಿ.

ಮೂರನೇದು ಕಡಿಮೆ ರೇಟಿನ ತೆಳು ಮ್ಯಾಟ್. ಐದು ವರ್ಷ ಬರುತ್ತೆ ಅಂತ ಅಂಗಡಿಯವನು ಹೇಳಿದ್ದ. ಗೋಡೆ ಅಂಚಿನಲ್ಲಿ ಬಿಸಿಲಿಗೆ ಬಿದ್ದಿದ್ದ ಭಾಗ ಎರಡನೇ ಬೇಸಿಗೆಗೇ ಹಪ್ಪಳದ ಹಾಗೆ ಪುಡಿಯಾಯಿತು.

ಎದುರು ಮನೆ ಮಾವ ಆಗಲೇ ಕೇಳಿದ್ದು: "ನೆಲಕ್ಕೆ ಇನ್ನೆಷ್ಟು ಸೀರೆ ಉಡಿಸ್ತೀಯಪ್ಪಾ?"

ನಾಲ್ಕನೇ ಸಲ 120 ಜಿಎಸ್‌ಎಂನ (ಚದರ ಮೀಟರಿಗೆ 120 ಗ್ರಾಂ ತೂಕದ) ನೇಯ್ದ ಮ್ಯಾಟ್ ತಂದೆ, ಬಿಸಿಲು ತಡೆಯೋ ಯುವಿ ಮಾಲು. 2 ಮೀಟರ್ ಅಗಲ, 50 ಮೀಟರ್ ಉದ್ದದ ರೋಲು. ಸುಮಾರು 3,300 ಕೊಟ್ಟ ನೆನಪು. ಅಂಗಳ 30ಕ್ಕೆ 30 ಅಡಿ, ಐದು ಪಟ್ಟಿಗೆ ಸರಿಹೋಯಿತು.

ಹಾಸೋಕೆ ಮಾತ್ರ ಆತುರ ಮಾಡಲಿಲ್ಲ. ಖಾಲಿ ನೆಲಕ್ಕೆ ನೀರು ಬಿಟ್ಟು ಹತ್ತು ದಿನ ಕಾದೆ. ಜೇಕು ಚಿಗುರಿದ ಮೇಲೆ ಗೇಣುದ್ದ ಅಗೆದು ಗಡ್ಡೆ ಆರಿಸಿದೆ. ಕಡಲೆಕಾಳಿನಷ್ಟು ಸಣ್ಣದು, ಕರೀದು, ಒಂದಕ್ಕೊಂದು ದಾರ ಕಟ್ಟಿದ ಹಾಗೆ ಇರುತ್ತೆ. ಒಂದನ್ನ ಎಳೆದರೆ ದಾರ ಕಿತ್ತು ಉಳಿದದ್ದು ಒಳಗೇ. ಹೀಗೆ ಮೂರು ಸಲ. ಮೊದಲ ಸಲ ಅರ್ಧ ಬಕೆಟ್ ಸಿಕ್ಕಿತು, ಮೂರನೇ ಸಲ ಒಂದು ಹಿಡಿ. ಆಮೇಲೆ ನೆಲಕ್ಕೆ ಇನ್ನೊಂದು ಕೆಲಸ ಮಾಡಿದೆ. ಅದನ್ನ ಈಗ ಕೇಳಬೇಡಿ, ಇನ್ನೊಂದು ಮಳೆಗಾಲ ಕಳೀಲಿ.

ಪಟ್ಟಿಗಳನ್ನ ಹೆಂಚಿನ ಹಾಗೆ, ಇಳಿಜಾರಿನ ಮೇಲಿನದು ಕೆಳಗಿನದರ ಮೇಲೆ ಅರ್ಧ ಅಡಿ ಬರೋ ಹಾಗೆ ಹಾಸಿದೆ. ಮ್ಯಾಟನ್ನ ನೆಲಕ್ಕೆ ಹಿಡಿಸೋ ಅಂಗಡಿ ಪಿನ್ನು ನಮ್ಮ ಕಲ್ಲು ನೆಲಕ್ಕೆ ಬಗ್ಗುತ್ತೆ. ಮನೆ ಕಟ್ಟುವಾಗ ಮಿಕ್ಕಿದ್ದ 6 ಎಂಎಂ ಕಂಬಿ ಕತ್ತರಿಸಿ ಬಗ್ಗಿಸಿ ನೂರು ಚಿಲ್ಲರೆ ಪಿನ್ನು ಮಾಡಿಕೊಂಡೆ. ಮಳೆ ಬಂದ ಮಾರನೇ ದಿನ ಹೊಡೆದರೆ ಸಲೀಸು.

ಗಿಡಗಳಿಗೆ ತೂತು? ಟೊಮೇಟೊ ಶೀಟಿಗೆ ಮಾಡೋ ಹಾಗೇ, ಡಬ್ಬಕ್ಕೆ ಕೆಂಡ ತುಂಬಿ ಮ್ಯಾಟ್ ಮೇಲೆ ಇಟ್ಟೆ. ಅಂಚು ಕರಗಿ ಅಂಟಿಕೊಳ್ಳುತ್ತೆ, ಎಳೆ ಬಿಚ್ಚಲ್ಲ. ಕತ್ತರಿಯಲ್ಲಿ ಮಾಡಿದ ಒಂದು ತೂತು ಇವತ್ತಿಗೂ ದಾರ ದಾರ ಆಗಿ ನಿಂತಿದೆ.

ಮೇಲೆ ಎರಡು ಟ್ರ್ಯಾಕ್ಟರ್ 20 ಎಂಎಂ ಜಲ್ಲಿ, ಏಳೆಂಟು ಸಾವಿರ. ಮುಂಚೆ ವರ್ಷಕ್ಕೆ ಮೂರು ನಾಲ್ಕು ಸಲ ಕಳೆ ತೆಗೆಸೋಕೆ ನಾಲ್ಕು ಸಾವಿರದ ಹತ್ತಿರ ಹೋಗ್ತಿತ್ತು. ಮೂರು ವರ್ಷ ಆಯಿತು, ಒಂದು ಆಳು ಕರೆದಿಲ್ಲ. ಹಾಗಂತ ಕಳೆ ಪೂರ್ತಿ ಹೋಗಿಲ್ಲ. ಜಲ್ಲಿ ಸಂದಿಯಲ್ಲಿ ಧೂಳು ಕೂತು ಕಾಂಗ್ರೆಸ್ ಗಿಡ ಮೇಲಿಂದಲೇ ಹುಟ್ಟುತ್ತೆ. ಎರಡು ಬೆರಳಲ್ಲಿ ಕಿತ್ತರೆ ಬೇರು ಸಮೇತ ಬರುತ್ತೆ, ಅಷ್ಟೇ.

ಮಿಕ್ಕಿದ ನಾಲ್ಕು ಮೀಟರ್ ತುಂಡನ್ನ ದಬ್ಬಣದಲ್ಲಿ ಹೊಲಿದು ಗಿಡದ ಚೀಲ ಮಾಡಿದೆ. ಬದನೆ ಭರ್ಜರಿಯಾಗಿ ಬಂತು. ನೀರು ನಿಲ್ಲಲ್ಲ, ಬೇರು ಕೊಳೆಯಲ್ಲ, ಆದರೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಕೇಳುತ್ತೆ. ಸೊಪ್ಪಿನ ಮಡಿಗೆ ಮ್ಯಾಟ್ ಹಾಕಿದ್ದು ಮಾತ್ರ ದಡ್ಡತನ. ಒಂದೇ ತಿಂಗಳಲ್ಲಿ ಕಿತ್ತೆ.

ಅಮ್ಮನಿಗೆ ಮೊದಲಿಂದಲೂ ಇದು ಇಷ್ಟವಿಲ್ಲ. ಬಾಗಿಲ ಮುಂದೆ ಸಾರಿಸಿ ರಂಗೋಲಿ ಹಾಕೋಕೆ ಆರು ಅಡಿ ಮಣ್ಣು ಹಾಗೇ ಬಿಡಿಸಿಕೊಂಡರು. ಬರಿಗಾಲಿಗೆ ಜಲ್ಲಿ ಚುಚ್ಚುತ್ತೆ ಅಂತ ತುಳಸಿ ಕಟ್ಟೆವರೆಗೆ ಹಳೇ ಚಪ್ಪಡಿ ಕಲ್ಲು ಬೇರೆ ಹಾಕಿಸಿದ್ದಾಯಿತು. ಆ ಆರು ಅಡಿಯಲ್ಲಿ ಜೇಕು ಈಗಲೂ ಬರುತ್ತೆ. ಕೀಳೋದು ನಾನೇ.