ಮೂಗಿನ ಫಿಲ್ಲರ್ ಒಂದೂವರೆ ವರ್ಷ ನಿಂತದ್ದು ಹೇಗೆ: ಮಡಿಕೇರಿಯಿಂದ ನನ್ನ ಅನುಭವ

ಶಸ್ತ್ರಚಿಕಿತ್ಸೆಯಿಲ್ಲದೆ ಮೂಗು ತಿದ್ದುವ ಫಿಲ್ಲರ್, ಅಂದರೆ ಚರ್ಮದಡಿ ಚುಚ್ಚಿ ತುಂಬುವ ಜೆಲ್, ಎಷ್ಟು ಕಾಲ ನಿಲ್ಲುತ್ತದೆ ಎಂದು ಕೇಳಿದವರಿಗೆ ನಾವು ವೈದ್ಯರೆಲ್ಲರೂ ಒಂಬತ್ತು ತಿಂಗಳಿಂದ ಒಂದು ವರ್ಷ ಎಂದೇ ಹೇಳುತ್ತ ಬಂದಿದ್ದೇವೆ. ಮಡಿಕೇರಿಯ ನನ್ನ ಚಿಕಿತ್ಸಾಲಯದಲ್ಲಿ ಕೆಲವು ವರ್ಷಗಳಿಂದ ಹೈಲುರಾನಿಕ್ ಆಮ್ಲದ ಫಿಲ್ಲರನ್ನು ಕಡಿಮೆ ಪ್ರಮಾಣದಲ್ಲಿ, ಎರಡು ಸರದಿಗಳಲ್ಲಿ ಹಾಕುತ್ತಿದ್ದು, ಹೆಚ್ಚಿನವರಲ್ಲಿ ಆಕಾರವು ಹದಿನೈದರಿಂದ ಹದಿನೆಂಟು ತಿಂಗಳು ಉಳಿದಿದೆ. ಈ ಕ್ರಮವನ್ನು ಮೊದಲು ವಿವರಿಸಿದಾಗ ಮೈಸೂರಿನ ಹಿರಿಯ ಸಹೋದ್ಯೋಗಿಯೊಬ್ಬರು, "ಒಂದು ಮೂಗಿಗಾಗಿ ಪೊನ್ನಂಪೇಟೆಯಿಂದ ಮಳೆಯಲ್ಲಿ ಎರಡೆರಡು ಸಲ ಯಾರು ಬರುತ್ತಾರೆ ಡಾಕ್ಟ್ರೇ?" ಎಂದು ಕೇಳಿದ್ದರು. ಜನ ಬಂದರು, ಈಗಲೂ ಬರುತ್ತಿದ್ದಾರೆ.

ಕಡಿಮೆ ಪ್ರಮಾಣಕ್ಕೆ ನಾನು ಇಳಿದದ್ದು ಬಾಳಿಕೆಗಾಗಿ ಅಲ್ಲ, ಸುರಕ್ಷತೆಗಾಗಿ. ಮೂಗಿನ ಮೇಲ್ಭಾಗದ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಕ್ಕೂ ನೇರ ಸಂಬಂಧವಿದೆ, ತಪ್ಪಿ ರಕ್ತನಾಳದೊಳಗೆ ಹೋದ ಜೆಲ್ ಕಣ್ಣಿನವರೆಗೆ ಸಾಗಿ ರಕ್ತವನ್ನು ತಡೆಯಬಹುದು. ಫಿಲ್ಲರ್‌ನಿಂದ ದೃಷ್ಟಿ ಹೋದ ಪ್ರಕರಣಗಳಲ್ಲಿ ಹುಬ್ಬುಗಳ ನಡುವಿನ ಭಾಗ ಮತ್ತು ಮೂಗು ಇವೆರಡೇ ಮುಂದಿವೆ. ಕಣ್ಣಿನ ಒಳಪದರವಾದ ರೆಟಿನಾಕ್ಕೆ ರಕ್ತ ನಿಂತರೆ ದೃಷ್ಟಿ ಉಳಿಸಲು ನಮಗೆ ಸಿಗುವ ಅವಧಿ ಸುಮಾರು 60ರಿಂದ 90 ನಿಮಿಷ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಜುಲೈ ತಿಂಗಳ ಮಳೆಯಲ್ಲಿ ಮೂರು ಗಂಟೆಗೂ ಮಿಕ್ಕಿದ ದಾರಿ. ದೊಡ್ಡ ನಗರದಲ್ಲಿ ಕುಳಿತು ಒಂದು ಮಿಲಿಲೀಟರನ್ನು ಒಮ್ಮೆಗೇ ಹಾಕುವವರ ಧೈರ್ಯ ಇಲ್ಲಿ ನಮಗೆ ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತರಬೇತಿ ಶಿಬಿರಗಳಲ್ಲಿ ಕಲಿಸುವ ಒಂದೇ ಸರದಿಯ ಕ್ರಮವನ್ನು ನಾನೂ ಸಾಕಷ್ಟು ಕಾಲ ಅನುಸರಿಸಿದ್ದೆ. ಅದರಲ್ಲಿ ಮೊದಲ ತಿಂಗಳ ಚಿತ್ರಗಳು ಬಹಳ ಚೆನ್ನಾಗಿ ಬರುತ್ತವೆ. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಮೂಗಿನ ಸೇತುವೆಯ ಮೇಲಿದ್ದ ಜೆಲ್ ಎರಡೂ ಬದಿಗೆ ಹರಡಿ ಮೂಗು ಅಗಲವಾಗಿ ಕಾಣತೊಡಗುತ್ತದೆ. ಎಂಟನೆಯ ತಿಂಗಳಿಗೆ, ಮದುವೆಗೆಂದು ಮಾಡಿಸಿಕೊಂಡವರು ಮದುವೆಯ ಆಲ್ಬಮ್ ಹಿಡಿದು ಬಂದು, ಎತ್ತರ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ತುಟಿಗೆ ತಯಾರಾದ ಮೃದು ಜೆಲ್ ಬಳಸಿದಲ್ಲಿ ಇದು ಇನ್ನೂ ಬೇಗ ಆಯಿತು. ಕೆಲವರಿಗೆ ಹಣ ಪಡೆಯದೆ ಮತ್ತೆ ಹಾಕಬೇಕಾಯಿತು. ಆಗ ಒಂದು ಸಿರಿಂಜ್‌ಗೆ ನನಗೆ ಬೀಳುತ್ತಿದ್ದ ಖರ್ಚೇ ಹದಿನಾಲ್ಕು ಹದಿನೈದು ಸಾವಿರ ರೂಪಾಯಿ. ಸೌಂದರ್ಯ ಚಿಕಿತ್ಸೆಗೆ ವೈದ್ಯಕೀಯ ವಿನಾಯಿತಿ ಇಲ್ಲವಾದ್ದರಿಂದ ಜಿಎಸ್‌ಟಿ ಬೇರೆ. ಆ ವರ್ಷ ಮೂಗಿನ ಕೆಲಸದಿಂದ ಉಳಿದದ್ದು ಏನೂ ಇಲ್ಲವೆಂದೇ ಹೇಳಬೇಕು.

ಈಗಿನ ಕ್ರಮದಲ್ಲಿ ಮೊದಲ ಸರದಿಗೆ ಗಟ್ಟಿ ಜೆಲ್ಲನ್ನು ಕ್ಯಾನ್ಯುಲಾದಿಂದ (ಮೊಂಡು ತುದಿಯ ತೆಳು ಕೊಳವೆ) ಮಧ್ಯರೇಖೆ ಬಿಡದೆ, ಮೂಳೆ ಮತ್ತು ಮೃದ್ವಸ್ಥಿಗೆ ಅಂಟಿದಂತೆ, ಬಹಳ ನಿಧಾನವಾಗಿ, ಹನಿಹನಿಯಾಗಿ ಹಾಕಿ, ಬೇಕೆನಿಸಿದ್ದಕ್ಕಿಂತ ಸ್ವಲ್ಪ ಕಡಿಮೆಗೇ ನಿಲ್ಲಿಸುತ್ತೇನೆ. ಒಟ್ಟು ಅರ್ಧ ಮಿಲಿಲೀಟರ್ ದಾಟುವುದು ಅಪರೂಪ. ಜೆಲ್ ಆರಂಭದಲ್ಲಿ ನೀರು ಹೀರಿ ಉಬ್ಬಿರುತ್ತದೆ, ಅದರ ಮೇಲೆ ಚುಚ್ಚಿದ ಬಾವೂ ಇರುತ್ತದೆ. ಆದ್ದರಿಂದ ಎರಡನೆಯ ವಾರದಲ್ಲಿ ನೋಡಿ ಕೊರತೆ ತುಂಬುವವರು ಇಲ್ಲದ ಎತ್ತರವನ್ನು ಅಳೆಯುತ್ತಿದ್ದಾರೆ. ಆರು ವಾರ ಬಿಟ್ಟರೆ ನಿಜವಾದ ಕೊರತೆ ಎಲ್ಲಿದೆ ಎಂದು ತಾನೇ ಕಾಣುತ್ತದೆ. ಆಗ 0.1 ಅಥವಾ 0.2 ಮಿಲಿಲೀಟರ್ ಸಾಕಾಗುತ್ತದೆ, ಮತ್ತು ಈ ಎರಡನೆಯ ಪದರವು ನೆಲೆನಿಂತ ಮೊದಲ ಪದರದ ಮೇಲೆ ಕುಳಿತುಕೊಳ್ಳುವುದರಿಂದ ಬದಿಗೆ ಜಾರುವುದಿಲ್ಲ. ಕೆನ್ನೆಯಿಂದ ತುಟಿಗಿಳಿಯುವ ಮಡಿಕೆಗಳಲ್ಲಿ ಒಂದೇ ಮರುಪೂರಣದಿಂದ ಫಲಿತಾಂಶ 18 ತಿಂಗಳವರೆಗೆ ಉಳಿದದ್ದು ಹಿಂದೆಯೇ ದಾಖಲಾಗಿದೆ. ತುಟಿಯಷ್ಟು ಅಲುಗಾಡದ ಮೂಗಿನಲ್ಲಿ ಅದು ಸಾಧ್ಯವಾಗದಿರಲು ಕಾರಣವಿಲ್ಲ ಎಂದು ನಾನು ವಾದಿಸಿದ್ದೆ, ಮತ್ತು ನನ್ನ ಚಿತ್ರಗಳು ಅದನ್ನೇ ತೋರಿಸಿವೆ. ಕ್ಯಾನ್ಯುಲಾ ಒಳಹೋಗುವ ಸ್ಥಳ ಮತ್ತು ಕೊನೆಯಲ್ಲಿ ಬೆರಳಿನಿಂದ ಆಕಾರ ಒತ್ತುವ ರೀತಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮಡಿಕೇರಿಗೆ ಬಂದು ಪಕ್ಕದಲ್ಲಿ ನಿಂತವರಿಗೆ ತೋರಿಸುತ್ತೇನೆ.

ಎರಡನೆಯ ಭೇಟಿಯ ತೊಂದರೆಯನ್ನು ಕೊಡಗಿನ ಪಂಚಾಂಗವೇ ಬಗೆಹರಿಸಿತು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮೊದಲ ಸರದಿ ಮುಗಿಸಿದರೆ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ಸರಿಯಾಗಿ ಆರು ವಾರವಾಗುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳೂ ಆ ಎರಡು ಸಲ ಊರಿಗೆ ಬಂದೇ ಬರುತ್ತಾರೆ, ಕಾಫಿ ಕೊಯ್ಲು ಆರಂಭವಾಗುವ ಮೊದಲೇ ಕೆಲಸವೂ ಮುಗಿದಿರುತ್ತದೆ. ಉಳಿದ ತೊಂದರೆ ಹಣದ್ದು. ಒಮ್ಮೆ ತೆರೆದ ಸಿರಿಂಜನ್ನು ಆರು ವಾರ ಇಟ್ಟು ಅದೇ ರೋಗಿಗೆ ಬಳಸುವವರಿದ್ದಾರೆ, ನಾನು ಸೋಂಕಿನ ಭಯದಿಂದ ಅದನ್ನು ಒಪ್ಪುವುದಿಲ್ಲ. ಅರ್ಧ ಮಿಲಿಲೀಟರ್ ಪ್ಯಾಕ್‌ಗಳು ಕೈಗೆಟುಕಿದ ಮೇಲೆ ಎರಡೂ ಸರದಿ ಸೇರಿ ಖರ್ಚು ಹಿಂದಿಗಿಂತ ಎರಡು ಮೂರು ಸಾವಿರ ಮಾತ್ರ ಹೆಚ್ಚಾಯಿತು. ಮರು ಚಿಕಿತ್ಸೆಗಳು ನಿಂತುಹೋದದ್ದರಿಂದ ಅದು ಎಂದೋ ಮರಳಿ ಬಂದಿದೆ.

ನಡುವೆ ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬ ಇನ್ನೊಂದು ಬಗೆಯ ಫಿಲ್ಲರನ್ನೂ ಕೆಲವರಲ್ಲಿ ಬಳಸಿ ನೋಡಿದೆ. ಎತ್ತರ ಚೆನ್ನಾಗಿಯೇ ನಿಲ್ಲುತ್ತದೆ, ಆದರೆ ಅವಘಡವಾದರೆ, ಹೈಲುರಾನಿಕ್ ಜೆಲ್ಲನ್ನು ಕರಗಿಸುವ ಹೈಲುರಾನಿಡೇಸ್ ಎಂಬ ಕಿಣ್ವ ಇದನ್ನು ಕರಗಿಸುವುದಿಲ್ಲ. ಈ ಒಂದು ಕಾರಣಕ್ಕೆ ಮೂಗಿನಲ್ಲಿ ಅದನ್ನು ಕೈಬಿಟ್ಟೆ. ರೇಡಿಯಾಲಜಿಯ ಗೆಳೆಯರ ಅಲ್ಟ್ರಾಸೌಂಡ್ ಯಂತ್ರದಲ್ಲಿ ಹಳೆಯ ರೋಗಿಗಳ ಮೂಗು ನೋಡಿದ್ದು ಇದಕ್ಕಿಂತ ಉಪಯುಕ್ತವಾಯಿತು. ಎತ್ತರ ಇಳಿದಿದೆ ಎಂದು ಬಂದ ಎರಡು ವರ್ಷದ ಹಿಂದಿನ ಮೂಗುಗಳಲ್ಲಿಯೂ ಜೆಲ್‌ನ ಕಪ್ಪು ಪಟ್ಟಿ ಇನ್ನೂ ಇತ್ತು, ಕೆಲವರಲ್ಲಿ ಬದಿಗೆ ಸರಿದಿತ್ತು. ಆದ್ದರಿಂದ ಹದಿನೆಂಟು ತಿಂಗಳಾಯಿತೆಂದು ಮೊದಲಿನಷ್ಟೇ ತುಂಬುವುದನ್ನು ನಿಲ್ಲಿಸಿದ್ದೇನೆ. ಮೊದಲು ಸ್ಕ್ಯಾನ್ ಮಾಡಿಸುತ್ತೇನೆ, ಸರಿದ ಜೆಲ್ ಇದ್ದರೆ ಅದನ್ನು ಕರಗಿಸುತ್ತೇನೆ, ಎರಡು ವಾರ ಕಳೆದ ಮೇಲೆ ಹೊಸದನ್ನು ಹಾಕುತ್ತೇನೆ. ಶಸ್ತ್ರಚಿಕಿತ್ಸೆಯಾದ ಮೂಗನ್ನು ನಾನು ಮುಟ್ಟುವುದಿಲ್ಲ. 1500 ಯೂನಿಟ್‌ನ ಹೈಲುರಾನಿಡೇಸ್ ಬಾಟಲಿಗಳು ಆರೇಳಾದರೂ ಕಪಾಟಿನಲ್ಲಿ ಇಲ್ಲದ ದಿನ ಯಾರ ಮೂಗಿಗೂ ಸೂಜಿ ಹಿಡಿಯುವುದಿಲ್ಲ, ಸಿದ್ದಾಪುರದಿಂದ ಬಂದವರಾದರೂ ವಾಪಸು ಕಳುಹಿಸುತ್ತೇನೆ.