ನಿಂಬೆಹಣ್ಣಿನೊಳಗಿನ ಹೆಬ್ಬೆರಳು

ಆ ರೈತರು ನನ್ನ ಕ್ಲಿನಿಕ್ಕಿಗೆ ಬಂದಾಗ ಬಲಗೈ ಹೆಬ್ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದರು. ಉಗುರುಸುತ್ತಿಗೆ ನಮ್ಮ ಕಡೆ ಇದೇ ಮೊದಲ ಮದ್ದು. ಹಣ್ಣು ತೆಗೆದು ನೋಡಿದೆ. ತುದಿ ಕೆಂಪಗೆ ಊದಿತ್ತು, ಮುಟ್ಟಿದರೆ ಬಿಸಿ. ರಾತ್ರಿಯೆಲ್ಲ ಸಿಡಿಯುತ್ತದೆ ಎಂದರು. ನಾನೂ ಉಗುರುಸುತ್ತು ಅಂದುಕೊಂಡೇ ಆ್ಯಂಟಿಬಯೋಟಿಕ್ ಬರೆದುಕೊಟ್ಟೆ. ಒಂದು ಬೆರಳಿಗೆ ಸುಮ್ನೆ ಯಾಕೆ ಎಕ್ಸ್‌ರೇ ಖರ್ಚು ಅನ್ನಿಸಿತ್ತು.

ಹತ್ತು ದಿನ ಬಿಟ್ಟು ಮತ್ತೆ ಬಂದರು. ಊತ ಇನ್ನೂ ಜಾಸ್ತಿ. ಮರಗಟ್ಟಿಸಿ ಕೊಯ್ದೆ. ಒಂದು ಹನಿ ಕೀವಿಲ್ಲ! ಬರೀ ರಕ್ತ, ಒತ್ತಿ ಹಿಡಿದರೂ ಬೇಗ ನಿಲ್ಲಲಿಲ್ಲ. ಜೊತೆಗೆ ಬೂದು ಬಣ್ಣದ ಮೆತ್ತನೆಯ ಮಾಂಸ. ಅದನ್ನು ಬಿಸಾಡದೆ ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕಿ ಲ್ಯಾಬಿಗೆ ಕಳಿಸಿದೆ. ಅಲ್ಲಿಯವರೆಗೆ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ತುದಿಮೂಳೆ ಗೆದ್ದಲು ತಿಂದ ಹಾಗೆ ಕಂಡಿತು. ಆದರೆ ಅದರ ಬುಡದ ಕೀಲು ಅಚ್ಚುಕಟ್ಟಾಗಿತ್ತು. ಕೀವು ಅಷ್ಟು ಮೂಳೆ ತಿಂದಿದ್ದರೆ ಹೆಚ್ಚಾಗಿ ಕೀಲನ್ನೂ ಹಾಳುಮಾಡಿರುತ್ತಿತ್ತು. ಗಡ್ಡೆ ಸಾಮಾನ್ಯವಾಗಿ ಕೀಲು ದಾಟುವುದಿಲ್ಲ. ಆಗ ಕೇಳಿದೆ, ಬೀಡಿ ಸೇದ್ತೀರಾ ಅಂತ.

"ದಿನಕ್ಕೊಂದು ಕಟ್ಟು. ಬೆರಳಿಗೂ ಬೀಡಿಗೂ ಏನು ಸ್ವಾಮಿ ಸಂಬಂಧ?"

ಎದೆಯ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ದಟ್ಟ ನೆರಳು. ಟಿಬಿ ಇರಲಿ ಅಂತ ಮನಸ್ಸು ಬಯಸಿತು, ಕಫ ಪರೀಕ್ಷೆ ಒಪ್ಪಲಿಲ್ಲ. ಬೆರಳಿನ ಮಾಂಸದ ಬಗ್ಗೆ ಲ್ಯಾಬಿನ ಚೀಟಿ ಬಂತು: ಸ್ಕ್ವಾಮಸ್ ಸೆಲ್ ಕ್ಯಾನ್ಸರ್, ಶ್ವಾಸಕೋಶದಲ್ಲೂ ಹುಟ್ಟುವ ಒಂದು ಬಗೆ. ಅಲ್ಲಿಂದಲೇ ಬೆರಳಿಗೆ ಹರಡಿತ್ತು.

ಮೂಳೆಗೆ ಹರಡುವ ಕ್ಯಾನ್ಸರ್‌ಗಳಲ್ಲಿ ಕೈ ತಲುಪುವುದು ಸುಮಾರು 0.1 ಶೇಕಡಾ ಮಾತ್ರ. ಬೆರಳ ಮೂಳೆಯಲ್ಲಿ ಕೆಂಪು ಮಜ್ಜೆ ಕಡಿಮೆ, ಕ್ಯಾನ್ಸರ್ ಕಣಕ್ಕೆ ಬೇರೂರಲು ಜಾಗ ಒಗ್ಗುವುದಿಲ್ಲ. ಹಾಗಿದ್ದೂ ಅಲ್ಲಿಗೆ ಬರುವವುಗಳಲ್ಲಿ ಶ್ವಾಸಕೋಶದ್ದೇ ಎಲ್ಲಕ್ಕಿಂತ ಹೆಚ್ಚು. ಬೇರೆ ಅಂಗದ ಕಣಗಳನ್ನು ಶ್ವಾಸಕೋಶದ ಸಣ್ಣ ರಕ್ತನಾಳಗಳು ಜರಡಿಯಂತೆ ಹಿಡಿಯುತ್ತವೆ. ಶ್ವಾಸಕೋಶದ್ದೇ ಕಣಕ್ಕೆ ಆ ಜರಡಿಯಿಲ್ಲ. ಅಲ್ಲಿಂದ ಹೃದಯದ ಎಡಭಾಗಕ್ಕೆ, ಅಲ್ಲಿಂದ ನೇರ ಅಪಧಮನಿಗೆ. ಹೆಚ್ಚಾಗಿ ಕೂರುವುದು ತುದಿಮೂಳೆಯಲ್ಲೇ. ಅದಕ್ಕೇ ಉಗುರುಸುತ್ತು, ಇಲ್ಲವೇ ಕೀಲು ಊದುವ ಗೌಟ್ ಅಂತ ನಾವು ಮೋಸಹೋಗುವುದು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದೆ. ಯಕೃತ್ತಿಗೂ ಹರಡಿತ್ತು. ಇಂಥ ನೋವಿಗೆ 8 ಗ್ರೇ ವಿಕಿರಣ ಒಂದೇ ಸಲ ಕೊಡುವುದುಂಟು. ಆದರೆ ನಾನು ಕೊಯ್ದ ಗಾಯ ಮಾಯದೆ ರಕ್ತ ಜಿನುಗುತ್ತಲೇ ಇತ್ತು. ಅಲ್ಲಿಯವರ ಜೊತೆ ಮಾತಾಡಿ, ಬೆರಳಿನ ತುದಿಯನ್ನು ಕೀಲಿನಲ್ಲೇ ನಾನೇ ಬಿಡಿಸಿ ತೆಗೆದೆ. ಬದುಕು ಉದ್ದವಾಗಲಿ ಅಂತಲ್ಲ, ನಿದ್ದೆ ಬರಲಿ ಅಂತ. ತಿಂಗಳುಗಳ ಮೇಲೆ ಮೊದಲ ಸಲ ಬೆಳಗಿನವರೆಗೆ ಮಲಗಿದರು ಎಂದು ಅವರ ಹೆಂಡತಿ ಹೇಳಿದರು.

ಐದು ತಿಂಗಳು ಬದುಕಿದರು. ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ದಿನ ಒಂದು ಚೀಲ ಸೌತೆಕಾಯಿ ತಂದಿದ್ದರು. ಚೀಲದ ಬಾಯಿಗೆ ಬಿಗಿಯಾದ ಗಂಟು. "ನಾನೇ ಹಾಕಿದ್ದು, ಈ ಮೊಂಡು ಬೆರಳಲ್ಲೇ" ಎಂದರು. ಬಿಚ್ಚಲು ನನಗೆ ಸಾಕುಸಾಕಾಯಿತು.