ಮೆಲ್ಬರ್ನಿನ ಹಸಿರು ಬಡಾವಣೆಯಲ್ಲಿ ಮನೆ ಕೊಳ್ಳುವ ಮುನ್ನ ಮರಗಳನ್ನು ನೋಡಿ

ಮೆಲ್ಬರ್ನಿನ ಪೂರ್ವ ಮತ್ತು ಈಶಾನ್ಯ ದಿಕ್ಕಿನ ಬ್ಲ್ಯಾಕ್‌ಬರ್ನ್, ಎಲ್ಥಮ್‌ನಂಥ ಬಡಾವಣೆಗಳಲ್ಲಿ ಸುತ್ತಲೂ ಅಂಗಳವಿರುವ ಹಳೆಯ ಒಂಟಿ ಮನೆಯನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ನೇರವಾಗಿ ಅಡುಗೆಮನೆಗೆ ನಡೆಯುತ್ತಾರೆ. ಆದರೆ ಮೊದಲು ನೋಡಬೇಕಾದವು ಮರಗಳು. ಆ ಬಡಾವಣೆಗೆ ಬೆಲೆ ತಂದಿರುವ ನೀಲಗಿರಿ ಮರಗಳೇ ಗೋಡೆ, ಛಾವಣಿ, ಒಳಚರಂಡಿ ಮೂರಕ್ಕೂ ಖರ್ಚು ತರಬಲ್ಲವು.

ಶನಿವಾರಗಳಂದು ಮನೆ ತೋರಿಸಲು ಏಜೆಂಟರು ಕೊಡುವುದು ಹೆಚ್ಚೆಂದರೆ ಅರ್ಧ ಗಂಟೆ. ಅದರಲ್ಲಿ ಅರ್ಧವನ್ನಾದರೂ ಹೊರಗೆ ಕಳೆಯಿರಿ. 1960, 70ರ ದಶಕಗಳ ಬಹುಪಾಲು ಮನೆಗಳು ಬ್ರಿಕ್ ವೆನೀರ್ ಮಾದರಿಯವು. ಹೊರಗೆ ಕಾಣುವ ಇಟ್ಟಿಗೆ ಬರೀ ಹೊದಿಕೆ, ಛಾವಣಿಯ ಭಾರ ಹೊತ್ತಿರುವುದು ಒಳಗಿನ ಮರದ ಚೌಕಟ್ಟು. ಗೋಡೆಯ ಬುಡದ ಸಾಲಿನಲ್ಲಿ ಕೆಲವು ಇಟ್ಟಿಗೆಗಳಿಗೊಂದರಂತೆ ಗಾರೆ ತುಂಬದೆ ಬಿಟ್ಟ ಸಣ್ಣ ಸೀಳುಗಳಿರುತ್ತವೆ. ಒಳಗೆ ಸೇರಿದ ನೀರು ಹರಿದುಹೋಗುವುದು ಅಲ್ಲಿಂದಲೇ. ಹೂವಿನ ಪಾತಿಯ ಮಣ್ಣು ಆ ಸೀಳುಗಳನ್ನು ಮುಚ್ಚುವಷ್ಟು ಏರಿದ್ದರೆ, ಗೆದ್ದಲು ಯಾರ ಕಣ್ಣಿಗೂ ಬೀಳದೆ ಚೌಕಟ್ಟಿಗೆ ಹತ್ತಬಹುದೆಂದು ತಿಳಿಯಿರಿ.

ನಂತರ ಬಿರುಕುಗಳು. ಜೇಡಿಮಣ್ಣಿನ ನೆಲದಲ್ಲಿ ದೊಡ್ಡ ಮರ ಬೇಸಿಗೆಯಲ್ಲಿ ನೀರು ಹೀರಿದಂತೆ ಮಣ್ಣು ಕುಗ್ಗುತ್ತದೆ, ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ, ಅದರ ಜೊತೆಗೆ ಅಡಿಪಾಯವೂ ಕದಲುತ್ತದೆ. ಸುಣ್ಣದ ಮೇಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಇಟ್ಟಿಗೆಗಳ ಸಂದು ಹಿಡಿದು ಮೆಟ್ಟಿಲಿನಂತೆ ಇಳಿಯುವ, ಒಂದು ತುದಿಯಲ್ಲಿ ಅಗಲವಾದ ಬಿರುಕು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ. ಒಂದೇ ಕೋಣೆಗೆ ಹೊಸ ಬಣ್ಣ ಬಳಿದಿದ್ದರೆ, ಆ ಕೋಣೆಯ ಬಾಗಿಲು ಮುಚ್ಚಿ ಮೇಲಿನ ಸಂದು ಎರಡೂ ತುದಿಯಲ್ಲಿ ಸಮವಾಗಿದೆಯೇ ಎಂದು ನೋಡಿ.

ಹಳೆಯ ಒಳಚರಂಡಿಯ ಸುಟ್ಟಮಣ್ಣಿನ ಕೊಳವೆಗಳ ಸಂದುಗಳಲ್ಲಿ ಬೇರುಗಳು ನುಗ್ಗುತ್ತವೆ. ಸಾಮಾನ್ಯ ಕಟ್ಟಡ ತಪಾಸಣೆಯವರು ಕೊಳವೆಯ ಒಳಗನ್ನು ನೋಡುವುದಿಲ್ಲವಾದ್ದರಿಂದ, ಮಾರುವವರ ಒಪ್ಪಿಗೆ ಪಡೆದು, ಪ್ಲಂಬರರಿಂದ ಕ್ಯಾಮೆರಾ ಇಳಿಸಿ ಪರೀಕ್ಷಿಸಿ; ಈ ಹಣ ಎಂದಿಗೂ ದಂಡವಲ್ಲ.

ತೊಂದರೆ ಕೊಡುವ ಮರವನ್ನು ಕೊಂಡ ಮೇಲೆ ಕಡಿಸೋಣ ಎಂದುಕೊಳ್ಳಬೇಡಿ. ಇಂಥ ಬಡಾವಣೆಗಳ ಅನೇಕ ನಿವೇಶನಗಳ ಮೇಲೆ ಮರ ಮತ್ತು ಭೂದೃಶ್ಯವನ್ನು ಕಾಪಾಡುವ, ಓವರ್‌ಲೇ ಎಂಬ ಹೆಚ್ಚುವರಿ ನಿಯಮಗಳಿವೆ; ಸ್ಥಳೀಯ ಕೌನ್ಸಿಲಿನ ಪರವಾನಗಿಯಿಲ್ಲದೆ ಕಡಿದರೆ ದಂಡ ಬೀಳುತ್ತದೆ. ರಾಜ್ಯ ಸರ್ಕಾರದ ವಿಕ್‌ಪ್ಲಾನ್ ನಕ್ಷೆಯಲ್ಲಿ ವಿಳಾಸ ಹಾಕಿದರೆ ಈ ಓವರ್‌ಲೇಗಳು, ಕಾಡ್ಗಿಚ್ಚಿನ ವಲಯವೂ ಸೇರಿ, ಉಚಿತವಾಗಿ ಸಿಗುತ್ತವೆ. ಛಾವಣಿಯೊಳಗೆ ಸೇರಿದ ಪಾಸಮ್ ಎಂಬ ನಿಶಾಚರ ಪ್ರಾಣಿಗಳಿಗೂ ಕಾನೂನಿನ ರಕ್ಷಣೆಯಿದೆ. ಹಿಡಿದರೂ ಅದೇ ಆವರಣದಲ್ಲಿ, ಹಿಡಿದ ಜಾಗದಿಂದ 50 ಮೀಟರಿನೊಳಗೆ ಬಿಡಬೇಕು.

ಧೂಳು ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸನ್ನು ಆಸ್ಟ್ರೇಲಿಯ ಪೂರ್ಣವಾಗಿ ನಿಷೇಧಿಸಿದ್ದು 2003ರ ಡಿಸೆಂಬರ್ 31ರಂದು. ಆದ್ದರಿಂದ ಹಳೆಯ ಮನೆಯ ಸೂರಿನಡಿಯ ಹಾಳೆಗಳನ್ನೂ ಸ್ನಾನದ ಮನೆಯ ಗೋಡೆಗಳನ್ನೂ ಪರೀಕ್ಷಿಸದೆ ಕೊರೆಯಬೇಡಿ.

ನಮ್ಮವರಲ್ಲಿ ಅನೇಕರು ಪೂರ್ವದ ಬಾಗಿಲನ್ನು ಕೇಳುತ್ತಾರೆ, ಕೇಳಲಿ. ಆದರೆ ಮಧ್ಯಾಹ್ನದ ಸೂರ್ಯ ಇಲ್ಲಿ ಉತ್ತರಕ್ಕಿರುವುದರಿಂದ ಹಗಲು ಕೂರುವ ಕೋಣೆಗೆ ಉತ್ತರದ ಕಿಟಕಿಯೂ ಇರಲಿ. ಚಳಿಗಾಲದಲ್ಲಿ ಮನೆ ಬೆಚ್ಚಗಿರುವುದು ಅದರಿಂದಲೇ.

ತಾತ್ಕಾಲಿಕ ವೀಸಾದವರು ಹಳೆಯ ಮನೆ ಕೊಳ್ಳುವುದಕ್ಕೆ 2025ರ ಏಪ್ರಿಲ್ 1ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧವಿದೆ. ಉಳಿದವರು ಗಮನಿಸಬೇಕಾದದ್ದು ಹರಾಜಿನ ನಿಯಮ. ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದಲ್ಲಿ ಖಾಸಗಿ ಮಾರಾಟದಲ್ಲಿ ಸಿಗುವ ಮೂರು ಕೆಲಸದ ದಿನಗಳ ಮರುಯೋಚನೆಯ ಅವಕಾಶ ಹರಾಜಿನಲ್ಲಿ ಇಲ್ಲ. ಹರಾಜಿನ ದಿನಕ್ಕೆ ಹಿಂದಿನ ಮತ್ತು ಮುಂದಿನ ಮೂರು ಕೆಲಸದ ದಿನಗಳೊಳಗೆ ಸಹಿ ಮಾಡಿದರೂ ಇಲ್ಲ. ಸುತ್ತಿಗೆ ಬಿದ್ದೊಡನೆ ಸಾಮಾನ್ಯವಾಗಿ ಶೇ. 10ರಷ್ಟು ಮುಂಗಡ ಕಟ್ಟಬೇಕು. ಹಾಗಾಗಿ ಕಟ್ಟಡ ಮತ್ತು ಗೆದ್ದಲಿನ ವರದಿ ಕೈಗೆ ಬಂದು, ಆಸ್ತಿಯ ವಿವರಗಳಿರುವ, ಮಾರುವವರು ಕೊಡುವ ಸೆಕ್ಷನ್ 32 ದಾಖಲೆಯನ್ನು ನಿಮ್ಮ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕಾಗದಪತ್ರ ನೋಡಿಕೊಳ್ಳುವವರು) ಓದಿ ಮುಗಿಸುವವರೆಗೆ ಹರಾಜಿನಲ್ಲಿ ಕೈ ಎತ್ತಬೇಡಿ.